ಕಲ್ಲು ಕಂಡಲ್ಲಿ ಇಳಿಯುವ ಖುದ್ದೂಸ್

ಕಲಾಯಿ ಖುದ್ದೂಸ್ ಸೈಕಲ್ಲು ಕೊಂಡಾಗ ಅವನಿಗೆ ನಲವತ್ತೊಂಬತ್ತು ವರ್ಷ, ಸೈಕಲ್ಲಿಗೆ ಹನ್ನೊಂದು. ವಯಸ್ಸಿನಲ್ಲಿ ಕಿರಿದಾದರೂ ಎತ್ತರದಲ್ಲಿ ಸೈಕಲ್ಲೇ ಹಿರಿಯಣ್ಣ. ಆರಡಿ ಮೀರಿದ ಅಮೀನರೊಬ್ಬರು ಚಾಮರಾಜನಗರದಿಂದ ವರ್ಗವಾಗಿ ಹೋಗುವಾಗ ಮಾರಿಹೋದ ಮಾಲು ಅದು. ಸರ್ದಾರನ ಸೈಕಲ್ ಶಾಪಿನ ಮುಂದೆ ಎರಡು ಮಳೆಗಾಲ ನಿಂತಿತ್ತು. ನಿಂತ ಮಾಲಿಗೆ ಗಿರಾಕಿ ಬಂದಾಗ ಅವನ ಕಾಲಿನ ಉದ್ದ ಅಳೆಯುವಂಥ ವ್ಯಾಪಾರಿಯನ್ನು ದೇವರು ಇನ್ನೂ ಹುಟ್ಟಿಸಿಲ್ಲ.

"ಕಾಲು ನೆಲಕ್ಕೆ ಎಟುಕೋದೇ ಇಲ್ವಲ್ಲೋ ಸರ್ದಾರ್," ಎಂದ ಖುದ್ದೂಸ್, ಸೀಟಿನ ತುದಿಯಲ್ಲಿ ಕೂತು, ಗಾಳಿಯಲ್ಲಿ ಕಾಲು ಬೀಸುತ್ತ. ಹಿಂದಿನಿಂದ ಸರ್ದಾರ್ ಹಿಡಿದುಕೊಂಡಿದ್ದ.

"ಸೀಟು ಕೊನೇವರೆಗೂ ಇಳಿಸಿದೀನಿ ಖುದ್ದೂಸ್ ಭಾಯಿ. ಇನ್ನೂ ಇಳಿಸಿದ್ರೆ ಸೈಕಲ್ಲೇ ಇರಲ್ಲ."

"ಎಟುಕಬೇಕಲ್ಲಪ್ಪ?"

"ಯಾಕೆ ಎಟುಕಬೇಕು? ಕಾಲು ನೆಲದ ಮೇಲೇ ಇಡೋ ಹಾಗಿದ್ರೆ ಸೈಕಲ್ಲು ಯಾಕೆ ಕೊಳ್ತಿದ್ರಿ?"

ಮೂರು ಬೆಳಗ್ಗೆ ಮಸೀದಿ ಹಿಂದಿನ ಬಯಲಿನಲ್ಲಿ ಸರ್ದಾರ್ ಅವನನ್ನು ಕಟ್ಟೆಯ ಮೇಲಿಂದ ಹತ್ತಿಸಿ, ಸುತ್ತು ಹೊಡೆಸಿ, ಮತ್ತೆ ಕಟ್ಟೆಗೇ ತಂದು ನಿಲ್ಲಿಸಿದ. ನಾಲ್ಕನೆಯ ದಿನ ಪಾಠ ಮುಗಿಯಿತೆಂದ. "ಹತ್ತೋದು ನಾನು ಕಲಿಸಿದೀನಿ. ಇಳಿಯೋದು ತಾನಾಗೇ ಬರುತ್ತೆ. ಹತ್ತಿದವರು ಇಳಿಯದೆ ಉಳಿದದ್ದನ್ನ ನಾನಂತೂ ಕಂಡಿಲ್ಲ."

ತಾನಾಗಿ ಬರಲಿಲ್ಲ. ಮೊದಲ ಸಲ ಬರೀ ನೆಲಕ್ಕೆ ಕಾಲೂರಲು ಹೋದಾಗ, ಕ್ಯಾರಿಯರಿನ ಮೇಲೆ ಕಟ್ಟಿದ್ದ, ಕಲಾಯಿ ಬೆಂಕಿಗೆ ಗಾಳಿಯೂದುವ ತಿದಿಯ ಭಾರಕ್ಕೆ ಸೈಕಲ್ಲು ಪೂರಾ ವಾಲಿ ಮೊಣಕಾಲಿನ ಚರ್ಮ ಹೋಯಿತು. ಎರಡನೆಯ ಸಲ ತಿದಿಯ ಕೊಳವೆಯೇ ಮುರಿಯಿತು. ಚರ್ಮ ಬೆಳೆಯುತ್ತದೆ, ಕೊಳವೆ ಬೆಳೆಯುವುದಿಲ್ಲ. ಮೂರನೆಯ ಸಲಕ್ಕೆ ಖುದ್ದೂಸನಿಗೆ ರಸ್ತೆಯ ಪಕ್ಕದ ಕಲ್ಲುಗಳು ಕಂಡವು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಮೈಲಿಗೊಂದು ದೊಡ್ಡ ಕಲ್ಲು, ನಡುನಡುವೆ ಫರ್ಲಾಂಗಿಗೊಂದು ಚಿಕ್ಕದು. ಒಂದಕ್ಕೂ ಇನ್ನೊಂದಕ್ಕೂ ಇನ್ನೂರಿಪ್ಪತ್ತು ಗಜ. ಕಲ್ಲಿನ ಪಕ್ಕಕ್ಕೆ ಸೈಕಲ್ಲು ತಂದು, ನೆತ್ತಿಯ ಮೇಲೆ ಎಡಗಾಲಿಟ್ಟರೆ ಇಳಿದ ಹಾಗೆ. ಅಲ್ಲಿಂದಲೇ ಮೇಲೆದ್ದರೆ ಹತ್ತಿದ ಹಾಗೆ. ಸರ್ಕಾರ ಯಾವ ಉದ್ದೇಶಕ್ಕೆ ನೆಟ್ಟಿತ್ತೋ, ಖುದ್ದೂಸನ ಮಟ್ಟಿಗೆ ಅವು ಮೆಟ್ಟಿಲುಗಳು.

ಕಲ್ಲಿರದ ಕಡೆ ಅವನಿಗೆ ಇಳಿಯಲು ಬರುವುದಿಲ್ಲ ಎಂಬುದು ಅವನಿಗೂ ಕಲ್ಲುಗಳಿಗೂ ಮಾತ್ರ ಗೊತ್ತಿತ್ತು. ಐವತ್ತರ ಹತ್ತಿರ ಬಂದ ಗಂಡಸು ಸೈಕಲ್ಲಿನಿಂದ ಇಳಿಯಲು ಬರದು ಎಂದು ಊರ ಮುಂದೆ ಒಪ್ಪಿಕೊಳ್ಳುವುದುಂಟೆ? ನೋಡಿದವರು ತಮಗೆ ತೋಚಿದ್ದನ್ನು ಹೇಳಿಕೊಂಡರು.

"ಕಲ್ಗೆ ಏನೋ ಅರಕೆ ಒತ್ತವ್ನೆ ಕಣ್ಲಾ ಸಾಬ," ಎಂದರು ಹೊಲದವರು.

"ಅರಕೆನೂ ಇಲ್ಲ ಮಣ್ಣೂ ಇಲ್ಲ," ಎಂದ ಗಾಡಿ ಹೊಡೆಯುವ ಮುದ್ದಯ್ಯ. "ಸರ್ಕಾರ್ದೋರು ಕಲ್ಲು ಎಣಿಸಕ್ಕೆ ಬುಟ್ಟವ್ರೆ. ಸಂಬ್ಳ ಬೇರೆ ಬತ್ತದೆ, ನೋಡ್ತಿರು."

ಖುದ್ದೂಸ್ ಎರಡನ್ನೂ ಅಲ್ಲಗಳೆಯಲಿಲ್ಲ.

ಸೈಕಲ್ಲು ಅವನು ಶೋಕಿಗೆ ಕೊಂಡದ್ದಲ್ಲ. ಕಲಾಯಿ ಕೆಲಸಕ್ಕೆ ಅಲ್ಯುಮಿನಿಯಂ ಬಂದು ಕಲ್ಲು ಹಾಕಿತ್ತು. ಹಿತ್ತಾಳೆ ಪಾತ್ರೆಗೆ ಆರು ತಿಂಗಳಿಗೊಮ್ಮೆ ತವರ ಹಚ್ಚಿಸಬೇಕು, ಇಲ್ಲದಿದ್ದರೆ ಹುಳಿ ಕಿಲುಬುತ್ತದೆ. ಅಲ್ಯುಮಿನಿಯಂಗೆ ಏನೂ ಬೇಡ. ಬಡವರ ಮನೆಯ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ಹಳೇ ಪಾತ್ರೆಯವನ ಮೂಟೆ ಸೇರುತ್ತಿದ್ದವು. ಮೊದಲು ಎರಡು ಹಳ್ಳಿಗೆ ಸಿಗುತ್ತಿದ್ದ ಕೆಲಸಕ್ಕೆ ಈಗ ಐದು ಹಳ್ಳಿ ಸುತ್ತಬೇಕು. ಐದು ಹಳ್ಳಿ ಸುತ್ತುವ ಮೊಣಕಾಲು ಅವನದಲ್ಲ. ಬಸ್ಸಿಗೆ ಹತ್ತೋಣವೆಂದರೆ ಕಂಡಕ್ಟರನು ತಿದಿಗೆ ಒಂದು ಟಿಕೀಟು, ಇದ್ದಿಲ ಮೂಟೆಗೆ ಅರ್ಧ ಟಿಕೀಟು ಕೇಳುತ್ತಿದ್ದ. ಮನೆಯಲ್ಲಿ ಬೇಡ ಎನ್ನುವವರೂ ಇರಲಿಲ್ಲ. ಹೆಂಡತಿ ಅಕ್ತರ್ ಬೀ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ನಜೀಮಾ ಗುಂಡ್ಲುಪೇಟೆಯಲ್ಲಿ ಗಂಡನ ಮನೆ ಸೇರಿದ್ದಳು.

ಸೈಕಲ್ಲಿಗೂ ಮುಂಚಿನ ಹನ್ನೆರಡು ವರ್ಷ ಖುದ್ದೂಸ್ ಆ ರಸ್ತೆಯನ್ನು ಕಾಲಿನಲ್ಲೇ ಅಳೆದವನು. ತೆರಕಣಾಂಬಿ ಸಂತೆಗೆ ಹೋಗುವ ದಿನ ಮಾತ್ರ ಒಬ್ಬನೇ ಅಲ್ಲ, ಪುಟ್ಟಮಾದು ಜೊತೆಗಿರುತ್ತಿದ್ದ. ಊರಿನಿಂದ ಎರಡು ಮೈಲಿ ಆಚೆಯ ಕೇರಿಯಲ್ಲಿ ಅವನ ಮನೆ. ಈಚಲು ಗರಿಯ ಚಾಪೆ ಹೆಣೆದು, ಸುರುಳಿ ಸುತ್ತಿ, ತಲೆಯ ಮೇಲೆ ಅಡ್ಡ ಹೊತ್ತು ಸಂತೆಗೆ ಒಯ್ಯುವವನು. ಎರಡು ಕಿವಿಯೂ ಇದ್ದವು, ಕೇಳಿಸುತ್ತಿರಲಿಲ್ಲ. ಅದೇ ರಸ್ತೆಗೆ ಜಲ್ಲಿ ಒಡೆಯುವ ಕೆಲಸದಲ್ಲಿದ್ದಾಗ ಬಂಡೆಗಿಟ್ಟ ಮದ್ದು ಹೊತ್ತಿಗೆ ಮುಂಚೆ ಸಿಡಿದು, ಕಿವಿಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದ. ಎಡಗಿವಿಯ ಹತ್ತಿರ ಬಾಯಿಟ್ಟು ಗಂಟಲು ಹರಿಯುವಂತೆ ಕೂಗಿದರೆ ಒಂದಿಷ್ಟು ಇಳಿಯುತ್ತಿತ್ತು.

ಇಂಥವನು ನಡೆಯುತ್ತಿದ್ದುದು ರಸ್ತೆಯ ನಟ್ಟನಡುವೆ.

"ಓರೆಗೆ ಬಾರ್ಲಾ ಮಾದು," ಎಂದು ಖುದ್ದೂಸ್ ಮೊದಮೊದಲು ಅವನ ಎಡಗಿವಿಗೆ ಕೂಗಿ ನೋಡಿದ್ದ.

"ಈ ರಸ್ತೆಗೆ ಜಲ್ಲಿ ಒಡ್ದೋನು ನಾನು ಕಣ್ ಸಾಬ್ರೆ. ಅಂಚ್ಗೆ ಆಕಿರೋದು ದಪ್ಪ ಜಲ್ಲಿ, ಬರಿಗಾಲ್ಗೆ ಚುಚ್ತದೆ. ಮಧ್ಯಕ್ಕೆ ಡಾಂಬ್ರು ಕೆಳ್ಗೆ ಸಣ್ಣಗೆ ಒಡ್ದು ಆಕಿವ್ನಿ. ನಾ ಒಡ್ದ ಜಲ್ಲಿ ಮ್ಯಾಲೆ ನಾನೇ ನಡೀಬಾರ್ದಾ?"

"ಬಸ್ಸಿನೋನು ಇದನ್ನೆಲ್ಲ ಕೇಳ್ತಾನಾ?"

"ಅವ ಕೇಳಲ್ಲ, ನಂಗೆ ಕೇಳ್ಸಲ್ಲ. ನೀವಿದ್ದೀರಲ್ಲ ಬುಡಿ, ಎಳ್ಕಳಿ."

ಎಳೆದುಕೊಳ್ಳುವುದು ಖುದ್ದೂಸನ ಕೆಲಸವಾಯಿತು. ಯಾವಾಗಲೂ ಅವನ ಬಲಕ್ಕೆ ನಡೆಯುತ್ತಿದ್ದ. ದಿನಕ್ಕೆ ನಾಲ್ಕು ಬಸ್ಸು ಹೋಗುತ್ತಿದ್ದವು, ನಾಲ್ಕು ಬರುತ್ತಿದ್ದವು. ಕಾಡಿನ ಕಡೆಯಿಂದ ಮರದ ದಿಮ್ಮಿ ಹೇರಿದ ಲಾರಿಗಳು ಬೇರೆ. ದೂರದಲ್ಲಿ ಸದ್ದು ಎದ್ದರೆ ಪುಟ್ಟಮಾದುವಿನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಸೆಳೆಯುತ್ತಿದ್ದ. ಧೂಳು ಇಳಿದ ಮೇಲೆ ಬಿಡುತ್ತಿದ್ದ. ಇಬ್ಬರೂ ಮಾತು ನಿಲ್ಲಿಸದೆ ನಡೆಯುವ ಈ ವ್ಯವಹಾರದಲ್ಲಿ ಪುಟ್ಟಮಾದು ಒಂದು ದಿನವೂ ಹಿಂದೆ ತಿರುಗಿ ನೋಡಿದವನಲ್ಲ. ಅಷ್ಟು ಪೂರ್ತಿಯಾಗಿ ತನ್ನನ್ನು ನಂಬಿದವರು ಲೋಕದಲ್ಲಿ ಇನ್ನಾರೂ ಇಲ್ಲವೆಂಬುದು ಖುದ್ದೂಸನಿಗೆ ಆಗ ಹೊಳೆದಿರಲಿಲ್ಲ. ಕೈಯಲ್ಲಿರುವ ಮಾಲಿನ ಬೆಲೆ ಕೈಬಿಟ್ಟ ಮೇಲೆ ತಿಳಿಯುವುದು.

ಕೇಳಿಸದವನ ಜೊತೆ ಮಾತಾಡುವುದರಲ್ಲಿ ಒಂದು ಸುಖವಿದೆ. ಏನು ಬೇಕಾದರೂ ಹೇಳಬಹುದು. ಅಕ್ತರ್ ಬೀ ಕಾಯಿಲೆ ಬಿದ್ದ ವರ್ಷ ಖುದ್ದೂಸ್ ಯಾರಿಗೂ ಹೇಳದ್ದನ್ನೆಲ್ಲ ಆ ರಸ್ತೆಯಲ್ಲಿ ಹೇಳಿಕೊಂಡ. ಪುಟ್ಟಮಾದು ಅದಕ್ಕೆ ಈಚಲು ಗರಿ ಈ ವರ್ಷ ಉದ್ದ ಬಂದಿಲ್ಲ ಎಂದು ಉತ್ತರ ಕೊಟ್ಟ. ಅರ್ಧ ಮೈಲಿ ನಡೆದ ಮೇಲೆ, ಮಡಿಲಿನಿಂದ ಒಂದು ಬೆಲ್ಲದ ಚೂರು ತೆಗೆದು, ಯಾಕೆ ಎನ್ನದೆ, ಖುದ್ದೂಸನ ಅಂಗೈಗೆ ಒತ್ತಿದ.

ಸೈಕಲ್ಲಿನ ಮೇಲೆ ಮೊದಲ ಸಂತೆಗೆ ಹೊರಟ ದಿನ, ಕೇರಿ ದಾಟಿದ ಮೇಲೆ ಖುದ್ದೂಸನಿಗೆ ಮುಂದೆ ಚಾಪೆಯ ಸುರುಳಿ ಕಂಡಿತು. ಬೆಲ್ಲು ಬಾರಿಸಿದ. ಬೆಲ್ಲು ಬಾರಿಸಿ ಏನು ಪ್ರಯೋಜನವೆಂದು ಆಮೇಲೆ ನೆನಪಾಯಿತು. ಪಕ್ಕದಿಂದ ಹಾದುಹೋಗುವಾಗ ಪುಟ್ಟಮಾದುವಿನ ಮುಖ ಅರಳಿತು.

"ಅಯ್ಯೋ ಸಾಬ್ರೆ! ಇಳೀರಿ, ಇಳೀರಿ, ಒಸಿ ನೋಡವ ಕುದ್ರೇನ!"

ಖುದ್ದೂಸ್ ಕೈ ಬೀಸಿದ. ಇಳಿಯಲು ಅಲ್ಲಿ ಕಲ್ಲಿರಲಿಲ್ಲ. ಮುಂದಿನ ಫರ್ಲಾಂಗು ಕಲ್ಲಿಗೆ ಇಳಿದು ಹಿಂದೆ ನೋಡಿದ. ಚಾಪೆಯ ಸುರುಳಿ ದೂರದಲ್ಲಿ, ಅದೇ ನಟ್ಟನಡುವೆ, ನಿಧಾನವಾಗಿ ಬರುತ್ತಿತ್ತು. ಕಾಯಬಹುದಿತ್ತು. ಆದರೆ ಸಂತೆಗೆ ಮುಂಚೆ ಎರಡು ಹಳ್ಳಿ ಮುಗಿಸಬೇಕು. ಅದಕ್ಕೆ ತಾನೇ ಸೈಕಲ್ಲು ಕೊಂಡದ್ದು. ಮುಂದಿನ ವಾರ ಕಾಯೋಣವೆಂದು ಹತ್ತಿದ. ಮುಂದಿನ ವಾರವೂ ಹಳ್ಳಿಗಳು ಎರಡೇ ಇದ್ದವು, ಅವಸರ ಅಷ್ಟೇ ಇತ್ತು. ಹೀಗೆ ಎರಡು ವರ್ಷ ಆಯಿತು.

ನಡೆಯುವವನಿಗೆ ರಸ್ತೆ ಪೂರ್ತಿ ಜನ. ಸೈಕಲ್ಲಿನವನಿಗೆ ಮಾತಿನ ತುಂಡುಗಳು. "ಏನ್ ಸಾಬ್ರೆ..." ಎನ್ನುವುದು ಮುಂದೆ ಕೇಳಿಸುತ್ತದೆ, "...ಚೆನ್ನಾಗಿದ್ದೀರಾ" ಎನ್ನುವುದು ಹಿಂದೆ ಉಳಿದುಬಿಡುತ್ತದೆ. ಹದಿನೈದು ಮೈಲಿಯಲ್ಲಿ ಒಂದು ಇಡೀ ಮಾತು ಕೈಗೆ ಸಿಕ್ಕುತ್ತಿರಲಿಲ್ಲ. ಮನೆಗೆ ಬಂದರೆ ಒಲೆ ತಾನೇ ಹಚ್ಚಬೇಕು. ಒಂದೊಂದು ದಿನ ತೆರಕಣಾಂಬಿಯಿಂದ ಬಂದು ಮಲಗುವ ಹೊತ್ತಿಗೆ, ಬೆಳಗಿನಿಂದ ಆಡಿದ ಮಾತೆಲ್ಲ "ಪಾತ್ರೆಗೆ ಕಲಾಯೀ" ಎಂಬುದಷ್ಟೇ ಎಂದು ತಿಳಿಯುತ್ತಿತ್ತು.

ಮಾತಾಡಿಸುತ್ತಿದ್ದವು ಬಸ್ಸುಗಳು ಮಾತ್ರ, ಹಿಂದಿನಿಂದ. ಆ ಕಾಲದ ಡ್ರೈವರುಗಳ ಲೆಕ್ಕ ಸರಳವಾಗಿತ್ತು. ಬ್ರೇಕು ಒತ್ತಿದರೆ ಟೈರು ಸವೆಯುತ್ತದೆ. ಹಾರನ್ನಿನ ರಬ್ಬರ್ ಬುರುಡೆ ಹಿಸುಕಿದರೆ ಏನೂ ಸವೆಯುವುದಿಲ್ಲ. ಆದ್ದರಿಂದ ಹಿಸುಕುತ್ತಿದ್ದರು. ಹಿಸುಕಿದ ಮೇಲೆ ರಸ್ತೆ ಅವರದು. ಎದುರಿನ ಎತ್ತಿನ ಗಾಡಿ ಜಲ್ಲಿಗೆ ಇಳಿಯಬೇಕು, ನಡೆಯುವವರು ಚರಂಡಿಗೆ, ಸೈಕಲ್ಲಿನವರು ಇಳಿದು ಪಕ್ಕಕ್ಕೆ ನಿಲ್ಲಬೇಕು. ಉಳಿದ ಸೈಕಲ್ಲಿನವರು ನಿಲ್ಲುತ್ತಿದ್ದರು. ಖುದ್ದೂಸನಿಗೆ ನಿಲ್ಲುವ ವಿದ್ಯೆ ಇಲ್ಲವಲ್ಲ; ತುಳಿಯುತ್ತಲೇ ಡಾಂಬರಿನಿಂದ ಜಲ್ಲಿಗೆ, ಜಲ್ಲಿಯಿಂದ ಮಣ್ಣಿಗೆ, ಹುಣಸೆ ಮರಗಳ ಸಂದಿಗೆ ನುಗ್ಗಿ, ಬೇಲಿ ಕೆರೆದುಕೊಂಡು, ಬಸ್ಸು ಹೋದ ಮೇಲೆ ಮತ್ತೆ ರಸ್ತೆಗೆ ಏರುತ್ತಿದ್ದ. ಒಬ್ಬ ಡ್ರೈವರು, ಮರಿಮಲ್ಲಪ್ಪ ಅಂತ, ಇವನನ್ನು ಕಂಡರೆ ಕಿಟಕಿಯಿಂದ ತಲೆ ಹಾಕಿ, "ಇಳೀಲಾ ಕಲಾಯಿ! ಏನ್ ಅಂಟಾಕ್ಕಂಡಿದ್ದೀಯಾ ಸೀಟ್ಗೆ?" ಎಂದು ನಗುತ್ತಿದ್ದ. ನಿಜಕ್ಕೆ ಅಷ್ಟು ಹತ್ತಿರ ಬಂದವನು ಅವನೊಬ್ಬನೇ.

ಗುಂಡ್ಲುಪೇಟೆಗೆ ಹೋದ ಒಂದು ಸಲ ನಜೀಮಾಳಿಗೆ ಅಪ್ಪನ ಮೊಣಕೈಯ ಗೀರುಗಳು ಕಂಡವು. "ಅಬ್ಬಾ, ಇದನ್ನ ಮಾರಿಬಿಡಿ," ಎಂದಳು ಉರ್ದುವಿನಲ್ಲಿ, ಕೊಬ್ಬರಿ ಎಣ್ಣೆ ಹಚ್ಚುತ್ತ. "ನಡ್ಕೊಂಡು ಬರ್ತಿದ್ದಾಗ ಒಂದು ದಿನ ತಡವಾಗಿ ಬರ್ತಿದ್ರಿ, ಅಷ್ಟೇ. ಈಗ ಬರ್ತೀರೋ ಇಲ್ಲವೋ ಅಂತ ಕೂತಿರ್ತೀನಿ."

"ಮುಳ್ಳು ಕಣೇ, ಮುಳ್ಳು."

"ಮುಳ್ಳು ರಸ್ತೆ ಮಧ್ಯಕ್ಕೆ ಬಂದು ಗೀರುತ್ತಾ?"

ಖುದ್ದೂಸ್ ಚಹಾ ಕೇಳಿದ.

ಐವತ್ತೈದನೇ ಇಸವಿಯ ಚಳಿಗಾಲ, ಹುರುಳಿ ಕಿತ್ತು ಮೆದೆ ಹಾಕಿದ್ದ ದಿನಗಳು. ಬಿಸಿಲು ಚೆನ್ನಾಗಿ ಏರಿತ್ತು. ಸಂತೆಯ ದಿನ. ಖುದ್ದೂಸನಿಗೆ ಮುಂದೆ ಚಾಪೆಯ ಸುರುಳಿ ಕಂಡಿತು. ಅವನಿಗೂ ಪುಟ್ಟಮಾದುವಿಗೂ ನಡುವೆ ಇದ್ದ ಫರ್ಲಾಂಗು ಕಲ್ಲನ್ನು ಆಗತಾನೆ ದಾಟಿದ್ದ. ಹಿಂದಿನಿಂದ ಹಾರನ್ನು ಬಂತು.

ಅಭ್ಯಾಸದಂತೆ ಸೈಕಲ್ಲು ಮಣ್ಣಿಗೆ ಇಳಿಯಿತು. ಬಸ್ಸು ಪಕ್ಕದಲ್ಲಿ ಹಾದ ಗಾಳಿಗೆ ಟೋಪಿ ಹಾರಿತು. ಆಗ ಖುದ್ದೂಸನಿಗೆ ಮುಂದಿನದು ಕಂಡಿತು: ಡಾಂಬರಿನ ನಡುವೆ ಪುಟ್ಟಮಾದು, ತಲೆಯ ಎರಡೂ ಕಡೆ ಚಾಚಿದ ಚಾಪೆ, ಅವನ ಬಲಕ್ಕೆ ಯಾರೂ ಇಲ್ಲ. ಡ್ರೈವರು ಹಿಸುಕುತ್ತಿದ್ದ. ಹಿಸುಕಿದರೆ ಜನ ಸರಿಯುತ್ತಾರೆ ಎಂಬುದು ಅವನ ಅನುಭವ. ಖುದ್ದೂಸ್ "ಮಾದೂ! ಮಾದೂ!" ಎಂದು ಕೂಗಿದ. ಯಾರಿಗೆ ಕೂಗುತ್ತಿದ್ದೇನೆ ಎಂಬ ಪ್ರಜ್ಞೆ ಇರಲಿಲ್ಲ. ಕಡೆಯ ಗಳಿಗೆಯಲ್ಲಿ ಬಸ್ಸು ಪಕ್ಕಕ್ಕೆ ತಿರುಗಿತು. ಆಳಿಗೆ ತಗಲಲಿಲ್ಲ, ಚಾಪೆಯ ತುದಿಗೆ ತಗಲಿತು. ಚಾಪೆಯ ಜೊತೆ ಪುಟ್ಟಮಾದು ಬುಗುರಿಯಂತೆ ಒಂದು ಸುತ್ತು ಸುತ್ತಿ ಚರಂಡಿಗೆ ಬಿದ್ದ. ಬಸ್ಸು ನಿಲ್ಲಲಿಲ್ಲ.

ಖುದ್ದೂಸನೂ ನಿಲ್ಲಲಿಲ್ಲ.

ಅವನು ಬಂದೇ ಬಂದ. ಚರಂಡಿಯ ಪಕ್ಕಕ್ಕೇ ಬಂದ. ಪುಟ್ಟಮಾದು ಒಂದು ಕೈಯೂರಿ ತಲೆಯೆತ್ತಿ ನೋಡುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಸೈಕಲ್ಲು ಅವನನ್ನು ದಾಟಿಹೋಯಿತು. ಎರಡು ವರ್ಷ ಕಲ್ಲಿಗೆ ಮಾತ್ರ ಇಳಿದ ಕಾಲು, ಕಲ್ಲು ಬರುವತನಕ ಪೆಡಲು ಬಿಡಲಿಲ್ಲ. ಬಿದ್ದು ಇಳಿಯಬಹುದಿತ್ತು ಎಂದು ಆಮೇಲೆ ನೂರು ಸಲ ಅಂದುಕೊಂಡ. ಆ ಹೊತ್ತಿನಲ್ಲಿ ತಲೆಗೆ ಬಂದದ್ದು ಕಲ್ಲು ಎಲ್ಲಿ, ಕಲ್ಲು ಎಲ್ಲಿ ಎಂಬುದಷ್ಟೇ. ಮುಂದಿನ ಕಲ್ಲಿಗೆ ಇಳಿದು, ಸೈಕಲ್ಲನ್ನು ಮರಕ್ಕೆ ಒರಗಿಸಿ, ಕುಂಟುತ್ತ ಹಿಂದಕ್ಕೆ ಓಡಿದ. ಇನ್ನೂರು ಗಜ ಸೈಕಲ್ಲಿಗೆ ಏನೂ ಅಲ್ಲ, ಆ ಮೊಣಕಾಲಿಗೆ ಒಂದು ಯುಗ. ಅವನು ಮುಟ್ಟುವ ಹೊತ್ತಿಗೆ ಹೊಲದಿಂದ ಮುದ್ದಯ್ಯನ ಗಾಡಿ ಬಂದಿತ್ತು. ಪುಟ್ಟಮಾದುವನ್ನು ಹುರುಳಿ ಸೊಪ್ಪಿನ ಮೇಲೆ ಮಲಗಿಸಿದ್ದರು. ಬಲಭುಜ ಇಳಿಬಿದ್ದಿತ್ತು.

"ನೋಡ್ಕಂಡೇ ಓದ್ಯಲ್ಲಾ," ಎಂದ ಮುದ್ದಯ್ಯ. ಬಹುವಚನ ಬಿಟ್ಟಿದ್ದ. "ಬಸ್ಸಿನೋನು ಗುರ್ತಿಲ್ದೋನು, ಓಗ್ಲಿ. ನಿಂಗೇನ್ ಬಂದಿತ್ತು?"

"ಕಲ್ಲು ಇರ್ಲಿಲ್ಲ," ಎಂದ ಖುದ್ದೂಸ್, ಏದುಸಿರಿನಲ್ಲಿ.

"ಏನಿರ್ನಿಲ್ಲ?"

ಪುಟ್ಟಮಾದು ಕಣ್ಣು ಮುಚ್ಚಿಕೊಂಡಿದ್ದ. ಗಾಡಿ ಹೊರಟಿತು.

ಕೊರಳ ಕೆಳಗಿನ ಮೂಳೆ ಮುರಿದಿದೆಯಂತೆ, ಪುಣಜನೂರಿನ ಕಡೆಯಿಂದ ಬಂದ ಮೂಳೆ ಕಟ್ಟುವವನು ಬಿದಿರ ಸೀಳು ಇಟ್ಟು ಕಟ್ಟಿದ್ದಾನಂತೆ, ಕೈ ಮೇಲೆತ್ತಲು ಉಗಾದಿ ಆಗಬೇಕಂತೆ. ಇಷ್ಟೂ ಖುದ್ದೂಸನಿಗೆ ಸರ್ದಾರನ ಅಂಗಡಿಯ ಬೆಂಚಿನ ಮೇಲೆ ಸಿಕ್ಕ ಸುದ್ದಿ. ಅದರ ಜೊತೆಗೆ, ಕಲಾಯಿಯವನು ಕಂಡೂ ಕಾಣದಂತೆ ಹೋದ ಎಂಬ ಸುದ್ದಿಯೂ ಬಿಟ್ಟಿಯಾಗಿ ಸಿಕ್ಕಿತು. ಎಂಟು ದಿನ ಅವನು ಪೇಟೆ ಬಿಟ್ಟು ಕದಲಲಿಲ್ಲ. ಒಂಬತ್ತನೆಯ ದಿನ ಹೊರಟ. ಕೇರಿಯ ಹತ್ತಿರದ ಕಲ್ಲಿಗೆ ಇಳಿದು ಸೈಕಲ್ಲು ತಳ್ಳಿಕೊಂಡು ಬಂದ.

ಬಾಗಿಲಲ್ಲಿ ಪುಟ್ಟಮಾದುವಿನ ಹೆಂಡತಿ ಸುಂದ್ರಮ್ಮ ಗರಿ ಸೀಳುತ್ತಿದ್ದಳು.

"ಬನ್ನಿ ಸಾಬ್ರೆ. ಇವತ್ತು ಇಳ್ಯಕೆ ಪುರ್ಸೊತ್ತಾಯ್ತಾ?"

ಖುದ್ದೂಸ್ ಜಗುಲಿಯ ಅಂಚಿನಲ್ಲಿ ಕೂತ. ಪುಟ್ಟಮಾದು ಗೋಡೆಗೆ ಒರಗಿದ್ದ, ಬಲಗೈ ಎದೆಗೆ ಕಟ್ಟಿತ್ತು. ಎಂಟು ದಿನದಿಂದ ಹೊಸೆದಿಟ್ಟುಕೊಂಡಿದ್ದ ಮಾತನ್ನು ಖುದ್ದೂಸ್ ಮೆತ್ತಗೆ ಅವನ ಎಡಗಿವಿಗೆ ಹೇಳಿದ.

"ಆ?" ಎಂದ ಪುಟ್ಟಮಾದು.

ಖುದ್ದೂಸ್ ಒಂದಿಷ್ಟು ಜೋರಾಗಿ ಹೇಳಿದ.

"ಆ? ಏನ್ ಬರಲ್ಲ?"

ಲೋಕದಲ್ಲಿ ಗುಟ್ಟು ಹೇಳಬೇಕಾದ ಮನುಷ್ಯ ಒಬ್ಬನೇ ಒಬ್ಬ, ಅವನೇ ಕಿವುಡ. ಖುದ್ದೂಸ್ ಎದ್ದು ನಿಂತು, ತಿದಿಯಂತೆ ಎದೆಗೆ ಗಾಳಿ ತುಂಬಿಕೊಂಡು ಕೂಗಿದ: "ನಂಗೆ ಸೈಕಲ್ ಇಳಿಯಕ್ಕೆ ಬರಲ್ಲಾ ಮಾದು! ಕಲ್ಲಿಲ್ದೆ ಇಳಿಯಕ್ಕೆ ಬರಲ್ಲಾ! ಕಾಲು ಎಟುಕಲ್ಲಾ!"

ಕೇರಿಗೆ ಕೇರಿಯೇ ಬಾಗಿಲಿಗೆ ಬಂತು. ಎದುರು ಮನೆಯ ದೊಡ್ಡಮಲ್ಲಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ. "ಅಯ್ಯೋ ಕಲ್ ಎಣ್ಸಾ ಸಾಬ! ಎಲ್ಡ್ ವರ್ಸದಿಂದ ಇಳ್ಯಕ್ ಬರ್ದೆ ತಿರುಗ್ತಾವ್ನೆ ಕಣ್ರವ್ವಾ!" ಸುಂದ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಖುದ್ದೂಸನಿಗೆ ಆ ನಗು ಹಿತವಾಗೇ ಇತ್ತು. ನಂಬಿದವರು ತಾನೇ ನಗುವುದು. ಅವನು ಪುಟ್ಟಮಾದುವಿನ ಮುಖ ನೋಡಿದ.

ಪುಟ್ಟಮಾದು ನಗಲಿಲ್ಲ. ನಂಬದೆಯೂ ಇರಲಿಲ್ಲ.

"ಅವತ್ತಿಂದು ಬುಡಿ ಸಾಬ್ರೆ," ಎಂದ, ತನಗೇ ಕೇಳಿಸದ ಮೆಲುದನಿಯಲ್ಲಿ. "ಇನ್ನೂರ್ ಗಜ ಓಗಿ ಓಡ್ಬಂದ್ರಿ, ಮುದ್ದಯ್ಯ ಯೋಳ್ದ. ಆದ್ರೆ ಈ ಎಲ್ಡ್ ವರ್ಸ ಕಲ್ತಾವ ಇಳೀತಿದ್ರಲ್ಲ. ಇಂದಕ್ ತಿರುಗಿ ನೋಡ್ತಿದ್ರಲ್ಲ. ನಾ ದೂರ್ದಿಂದ ಕಾಣ್ತಿದ್ದೆ. ನಿಂತಾರೆ ಅಂತ ಬಿರ್ಬಿರ್ನೆ ನಡೀತಿದ್ದೆ. ಒಂದ್ ಬೀಡಿ ಸೇದೊ ಒತ್ತು ನಿಲ್ಲಕಾಗ್ನಿಲ್ವಾ?"

ಖುದ್ದೂಸನಲ್ಲಿ ಉತ್ತರಗಳಿಗೆ ಬರವಿರಲಿಲ್ಲ. ಅಲ್ಯುಮಿನಿಯಂ ಇತ್ತು, ಐದು ಹಳ್ಳಿ ಇತ್ತು, ಮೊಣಕಾಲಿತ್ತು. ಎಲ್ಲವನ್ನೂ ಕೂಗಿ ಹೇಳಬೇಕಿತ್ತು. ಕೂಗಿ ಹೇಳಲು ಯೋಗ್ಯವಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಸುಂದ್ರಮ್ಮ ಕೊಟ್ಟ ಮಜ್ಜಿಗೆ ಕುಡಿದು ಎದ್ದ. ಕೇರಿಯವರು ಕಲ್ಲಿನತನಕ ಹಿಂದೆ ಬಂದು, ಅವನು ಹತ್ತುವುದನ್ನು ನೋಡಿ ಕಳಿಸಿಕೊಟ್ಟರು.

ಮೂಳೆ ಕೂಡಿತು, ಸ್ವಲ್ಪ ಸೊಟ್ಟಕ್ಕೆ. ಉಗಾದಿಯ ನಂತರ ಪುಟ್ಟಮಾದು ಮತ್ತೆ ಸಂತೆಗೆ ಹೊರಟ, ಆದರೆ ರಸ್ತೆಯಲ್ಲಿ ಅಲ್ಲ. ರಸ್ತೆಗೆ ಒಂದು ಕೂಗಿನ ದೂರದಲ್ಲಿ, ಹೊಲಗಳ ಬದುವಿನ ಮೇಲೆ, ಎರಡೂ ಕಡೆ ಕಳ್ಳಿ ಬೇಲಿಯ ಒಂದು ಕಾಲುದಾರಿಯಿತ್ತು. ಎರಡು ಮೈಲಿ ಸುತ್ತು. ಅಲ್ಲಿಗೆ ಬಸ್ಸು ಬರುವುದಿಲ್ಲ; ಬಸ್ಸೇಕೆ, ಎದುರಿಗೆ ಮೇಕೆ ಬಂದರೂ ಒಬ್ಬರು ಹಿಂದೆ ಸರಿಯಬೇಕು. ಸುಂದ್ರಮ್ಮ ಆಣೆ ಹಾಕಿಸಿಕೊಂಡು ಕಳಿಸಿದ್ದಳು. ಒಂದೇ ಕಡೆ, ಹಳ್ಳದ ಮೋರಿಯ ಪಕ್ಕ, ಆ ಕಾಲುದಾರಿ ರಸ್ತೆಯನ್ನು ದಾಟಿ ಆಚೆ ಬದಿಗೆ ಹೋಗಬೇಕು. ಅಲ್ಲಿ ಮಾತ್ರ ಯಾರಾದರೂ ಕಿವಿ ಇರುವವರು ಬರುವತನಕ ನಿಂತುಕೊಳ್ಳಬೇಕೆಂದೂ ಆಣೆಯಲ್ಲಿ ಸೇರಿತ್ತು. ಒಂದೊಂದು ದಿನ ಅವನು ಅಲ್ಲಿ ಗಂಟೆಗಟ್ಟಲೆ ನಿಂತಿರುತ್ತಿದ್ದನಂತೆ.

ಖುದ್ದೂಸನಿಗೆ ಸೈಕಲ್ಲಿನ ಮೇಲಿಂದ ದೂರದ ಹೊಲಗಳ ನಡುವೆ ಚಾಪೆಯ ಸುರುಳಿ ತೇಲಿಹೋಗುವುದು ಕಾಣಿಸುತ್ತಿತ್ತು. ಮೂರು ಸಂತೆ ಹಾಗೇ ನೋಡಿದ. ನಾಲ್ಕನೆಯ ಸಂತೆಗೆ ಸೈಕಲ್ಲನ್ನು ಸರ್ದಾರನ ಅಂಗಡಿಯ ಮುಂದೆ ಒರಗಿಸಿದ.

"ಮಾರ್ತೀರಾ ಭಾಯಿ? ಕಲಿತ ಸೈಕಲ್ಲಿಗೆ ಗಿರಾಕಿ ಇದಾರೆ," ಎಂದ ಸರ್ದಾರ್.

"ಮಾರಲ್ಲ. ಸಂತೆ ದಿನ ಇಲ್ಲಿರಲಿ."

"ಸಂತೆ ದಿನಕ್ಕೆ ಅಂತಲ್ವಾ ಕೊಂಡದ್ದು!"

ತಿದಿಯನ್ನು ಹೆಗಲಿಗೇರಿಸಿ ಖುದ್ದೂಸ್ ಕೇರಿಗೆ ನಡೆದ. ಪುಟ್ಟಮಾದು ಚಾಪೆ ಹೊತ್ತು ಹೊರಗೆ ಬಂದವನು, ಅವನನ್ನೂ ಹೆಗಲ ತಿದಿಯನ್ನೂ ನೋಡಿದ. ಕಾಲುದಾರಿ ಹಿಡಿದ. ಖುದ್ದೂಸ್ ಹಿಂದೆ ನಡೆದ.

ಜೊತೆಯಲ್ಲಿ ನಡೆದ ಹಾಗೆ ಆಗಲಿಲ್ಲ. ಬದುವಿನ ಮೇಲೆ ಪಕ್ಕಕ್ಕೆ ನಡೆಯಲು ಜಾಗವೇ ಇಲ್ಲ. ಮುಂದೆ ಒಬ್ಬ, ಹಿಂದೆ ಒಬ್ಬ. ಖುದ್ದೂಸನಿಗೆ ಕಾಣುತ್ತಿದ್ದುದು ಚಾಪೆಯ ಹಿಂಬದಿ, ಕೆಳಗೆ ಎರಡು ಬಿರಿದ ಹಿಮ್ಮಡಿ. ಏನು ಹೇಳಿದರೂ ಚಾಪೆಯೇ ಕೇಳಬೇಕು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಅವನಿಗೆ ಕೆಲಸವೇ ಇರಲಿಲ್ಲ. ಯಾವ ಸದ್ದಿಗೂ ಯಾರನ್ನೂ ಸೆಳೆಯಬೇಕಿರಲಿಲ್ಲ. ಇಂಥ ಸುರಕ್ಷಿತ ದಾರಿಯಲ್ಲಿ ಪುಟ್ಟಮಾದುವಿಗೆ ಯಾರೂ ಬೇಡ ಎಂಬುದು ಒಂದು ಮೈಲಿ ನಡೆಯುವಷ್ಟರಲ್ಲಿ ಖುದ್ದೂಸನಿಗೆ ಸ್ಪಷ್ಟವಾಯಿತು. ಮೊಣಕಾಲು ನೋಯತೊಡಗಿತು. ಎರಡು ಹಳ್ಳಿಯ ಕೆಲಸ ಹೋಯಿತು. ವ್ಯಾಪಾರ ಬಲ್ಲವರು ಯಾರೂ ಇದನ್ನು ಮಾಡುವುದಿಲ್ಲ ಎಂದು ಅವನಿಗೆ ತಿಳಿದಿತ್ತು.

ಹಳ್ಳದ ಮೋರಿ ಬಂತು. ಎದುರಿಗೆ ಹನ್ನೆರಡಡಿ ಡಾಂಬರು. ಪುಟ್ಟಮಾದು ಅಂಚಿನಲ್ಲಿ ನಿಂತ. ಹಿಂದೆ ತಿರುಗಲಿಲ್ಲ. ಎಡಕ್ಕೂ ಬಲಕ್ಕೂ ನೋಡಲಿಲ್ಲ. ಸುಮ್ಮನೆ ನಿಂತ.

ಖುದ್ದೂಸ್ ಕುಂಟುತ್ತ ಬಂದು ಅವನ ಬಲಕ್ಕೆ ನಿಂತ. ಕಿವಿಗೊಟ್ಟ. ಗುಂಡ್ಲುಪೇಟೆಯ ಕಡೆಯಿಂದ ಏನೋ ಬರುತ್ತಿತ್ತು, ಇನ್ನೂ ತಿರುವಿನ ಆಚೆ. ಅವನು ಪುಟ್ಟಮಾದುವಿನ ಬೆನ್ನ ಮೇಲಿನ ಅಂಗಿ ಹಿಡಿದು ತಡೆದ. ದಿಮ್ಮಿಯ ಲಾರಿ ಹಾರನ್ನು ಮೊಳಗಿಸಿಕೊಂಡು ಹೋಯಿತು. ಧೂಳಿನಲ್ಲಿ ಇಬ್ಬರೂ ಕಣ್ಣು ಕಿರಿದು ಮಾಡಿದರು. ಧೂಳು ಇಳಿಯಿತು. ಅಂಗಿ ಬಿಟ್ಟ ಕೈ ಬೆನ್ನನ್ನು ಮುಂದಕ್ಕೆ ಒತ್ತಿತು. ಹನ್ನೆರಡಡಿಯನ್ನು ಪಕ್ಕಪಕ್ಕದಲ್ಲಿ ದಾಟಿದರು. ಐದೋ ಆರೋ ಹೆಜ್ಜೆ ಇರಬಹುದು.

"ಗರಿ ಈ ಸಲ ಉದ್ದ ಬಂದದೆ," ಎಂದ ಪುಟ್ಟಮಾದು, ರಸ್ತೆಯ ನಡುವಿನಲ್ಲಿ.

ಖುದ್ದೂಸ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆಚೆಯ ಅಂಚು ಬಂದಿತ್ತು. ಬೇಲಿಯ ಸಂದಿ ಒಬ್ಬರಿಗಷ್ಟೇ ಇತ್ತು. ಪುಟ್ಟಮಾದು ಚಾಪೆಯನ್ನು ಓರೆ ಮಾಡಿಕೊಂಡು ಒಳಗೆ ನುಗ್ಗಿದ. ಖುದ್ದೂಸ್ ತಿದಿಯ ಹೆಗಲು ಬದಲಾಯಿಸಿ ಹೊರಡುವಷ್ಟರಲ್ಲಿ ಅವನು ಇಪ್ಪತ್ತು ಹೆಜ್ಜೆ ಮುಂದಿದ್ದ. ತೆರಕಣಾಂಬಿ ಇನ್ನೂ ಒಂಬತ್ತು ಮೈಲಿ ಇತ್ತು, ದಾರಿಯಲ್ಲಿ ಇನ್ನೆಲ್ಲೂ ರಸ್ತೆ ದಾಟುವುದಿರಲಿಲ್ಲ.